ಗದ್ದೆ ಸಿನಿಮಾದ ಒಳ್ಳೆ ಕಾಪಿ

"ನಿಲ್ಸು, ನಿಲ್ಸು. ಸ್ವಲ್ಪ ಹಿಂದಕ್ಕೆ ಹೋಗು," ಎನ್ನುತ್ತ ಮೈದುನ ಕೂತಿದ್ದ ಸ್ಟೂಲು ಬಿಟ್ಟು ಎದ್ದೇಬಿಟ್ಟ.

ಪ್ರಿಂಟಣ್ಣ ರಿಮೋಟು ಒತ್ತಿದ. ಅದು ಅವನ ಟೀವಿ ರಿಪೇರಿ ಅಂಗಡಿ. ಹೊಟ್ಟೆ ಬಿಚ್ಚಿಕೊಂಡು ಕೂತ ಟೀವಿಗಳೇ ಸುತ್ತಲೂ ತುಂಬಿದ್ದವು. ಸರಿಯಾಗಿ ಓಡುತ್ತಿದ್ದುದು ಒಂದೇ, ಅದೂ ಯಾರೋ ಗಿರಾಕಿಯದ್ದು. ಅದರಲ್ಲಿ ಕಪ್ಪುಬಿಳುಪಿನ ಗದ್ದೆಯೊಂದು ಮತ್ತೆ ಮೂಡಿತು. ಕೊಯ್ಲು ಮುಗಿದ ಗದ್ದೆ, ಕೂಳೆಯ ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿತ್ತು. ಎಡತುದಿಯಲ್ಲಿ ಮುದಿ ಸಮುರಾಯಿಯೊಬ್ಬ ಕತ್ತಿ ಮುಂದೆ ಚಾಚಿ ನಿಂತಿದ್ದ. ಬಲತುದಿಯಲ್ಲಿ ಅವನಷ್ಟೇ ವಯಸ್ಸಾದ ಇನ್ನೊಬ್ಬ ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು ಕಾಯುತ್ತಿದ್ದ.

"ಇವರು ಯಾಕೆ ಇಲ್ಲಿ ನಿಂತಿದಾರೆ?" ಎಂದ ಮೈದುನ.

"ಯಾಕೆ ಅಂದ್ರೆ? ಹೊಡೆದಾಡೋಕೆ. ಎಷ್ಟು ಸಲ ನೋಡಿದೀರಿ ಈ ಸಿನಿಮಾನ, ಗೊತ್ತಿಲ್ವಾ?"

"ಅದು ಗೊತ್ತು ಮಾರಾಯ. ಆದ್ರೆ ಈ ಜಾಗದಲ್ಲಿ ಯಾರೂ ಇರ್ತಿರಲಿಲ್ಲ. ನಮ್ಮ ಕಾಪೀಲಿ ಬರೀ ಗದ್ದೆ. ಈ ಕಡೆಯಿಂದ ಕತ್ತಿ ತುದಿ ಒಂದು, ಆ ಕಡೆಯಿಂದ ತೋಳಿನ ಅಂಚು ಒಂದು. ಅಷ್ಟೇ."

ಪ್ರಿಂಟಣ್ಣ ನಕ್ಕ ನಗೆಗೆ ಮೇಜಿನ ಮೇಲಿದ್ದ ಸ್ಕ್ರೂಗಳು ಅಲುಗಾಡಿದವು. ಹಳೆಯ ಸಿನಿಮಾಗಳ ಒಳ್ಳೆಯ ಪ್ರಿಂಟು ಹುಡುಕಿಕೊಡುವುದು ಅವನ ಹುಚ್ಚು, ಆ ಹುಚ್ಚಿನಿಂದಲೇ ಬಂದ ಹೆಸರು ಅದು. "ಸ್ವಾಮೀ, ಸಿನಿಮಾ ತೆಗೆದಿದ್ದು ಅಗಲಕ್ಕೆ. ಆಗಿನ ಟೀವಿ ಇದ್ದಿದ್ದು ಚೌಕ. ಎರಡೂ ಕಡೆ ಕಚಕ್ ಅಂತ ಕತ್ತರಿಸಿ ತುರುಕಿದಾರೆ. ನೀವು ಫೋಟೋಗೆ ಫ್ರೇಮ್ ಹಾಕೋರು, ನಿಮಗೆ ನಾನು ಹೇಳಿಕೊಡ್ಬೇಕಾ?"

ಮೈದುನನ ಮುಖ ಸಪ್ಪೆಯಾಯಿತು. ಅವನ ಫ್ರೇಮ್ ಅಂಗಡಿಗೆ ಬಂದು, ಇರುವ ಚೌಕಟ್ಟಿಗೆ ಹೊಂದುವ ಹಾಗೆ ಫೋಟೋದ ಅಂಚು ಕತ್ತರಿಸಿ ಎಂದವರಿಗೆಲ್ಲ ಅವನು ಪಾಠ ಮಾಡಿ ಕಳಿಸುತ್ತಿದ್ದ. ಅಂಚಿನಲ್ಲಿ ನಿಂತವರೂ ಮನುಷ್ಯರೇ ಅಲ್ಲವೇನ್ರೀ ಎಂದು ಗಿರಾಕಿಗಳನ್ನು ಗದರಿಸಿದ್ದೂ ಉಂಟು. ಅಂಥವನು ಇಷ್ಟು ವರ್ಷ ಕತ್ತರಿಸಿದ ಚಿತ್ರವನ್ನೇ ಕಣ್ಣರಳಿಸಿ ನೋಡಿದ್ದ. ಅದಕ್ಕಿಂತ ಹೆಚ್ಚಾಗಿ, ಪಕ್ಕದಲ್ಲಿ ಕೂತು ನೋಡುತ್ತಿದ್ದ ಭಾವ, ಅವನ ಅಕ್ಕನ ಗಂಡ, ಆ ಖಾಲಿ ಗದ್ದೆಯನ್ನು ಹೊಗಳಿದ್ದೇ ಹೊಗಳಿದ್ದು. ಇಬ್ಬರ ಜೀವನ್ಮರಣದ ಹೊತ್ತಿನಲ್ಲಿ ಇಬ್ಬರನ್ನೂ ತೋರಿಸದೆ ಬರೀ ನೆಲ ತೋರಿಸುತ್ತಾನಲ್ಲ, ಇವನಪ್ಪ ನಿರ್ದೇಶಕ ಎಂದರೆ, ಎಂದು ಪ್ರತಿ ಸಲವೂ ತಲೆದೂಗುತ್ತಿದ್ದರು. ಮೈದುನನೂ ಗೋಣು ಹಾಕುತ್ತಿದ್ದ.

"ಭಾವನಿಗೆ ಏನೂ ಹೇಳ್ಬೇಡ," ಎಂದ ಪ್ರಿಂಟಣ್ಣನಿಗೆ. "ಅವರೇ ನೋಡ್ಲಿ. ಬೆಚ್ಚಿಬೀಳ್ಬೇಕು."

"ಅವರು ನನ್ನ ಅಂಗಡಿ ಕಡೆ ಬಂದು ಎಷ್ಟು ಕಾಲವಾಯ್ತು, ನಾನೆಲ್ಲಿ ಹೇಳ್ಲಿ?" ಎಂದು ಪ್ರಿಂಟಣ್ಣ ಡಿಸ್ಕನ್ನು ತೆಗೆದು ಒರೆಸಿ ಕೈಗಿಟ್ಟ. "ಇದಕ್ಕಿಂತ ಒಳ್ಳೆ ಕಾಪಿ ಈ ಭೂಮಿ ಮೇಲಿಲ್ಲ. ಹುಡುಕೋದಕ್ಕೆ ಇನ್ನೇನೂ ಉಳಿದಿಲ್ಲ, ಹೋಗಿ."

ಭಾವನ ಮನೆಗೂ ಮೈದುನನಿಗೂ ಇದ್ದ ಸಂಬಂಧ ಅಕ್ಕ. ಅಕ್ಕ ಹೋದಮೇಲೆ ಉಳಿದದ್ದು ಈ ಸಿನಿಮಾಗಳು. ಅಕ್ಕ ಇದ್ದಾಗ ಭಾವ ಮೈದುನ ಮಾತಾಡಿದ್ದು ಕಡಿಮೆ. ಆಡಬೇಕಾದದ್ದನ್ನೆಲ್ಲ ಇಬ್ಬರ ಪರವಾಗಿ ಅವಳೇ ಆಡಿಬಿಡುತ್ತಿದ್ದಳು. ಅವಳು ಸತ್ತ ಹೊಸದರಲ್ಲಿ ಒಂದು ರಜೆಯ ದಿನ ಮೈದುನನ ಹೆಂಡತಿ ಊಟದ ಡಬ್ಬಿ ಕೊಟ್ಟು ಕಳಿಸಿದ್ದಳು. ಡಬ್ಬಿ ಇಟ್ಟು ಏನು ಮಾತಾಡುವುದೆಂದು ತೋಚದೆ ಮೈದುನ ಬಾಗಿಲಲ್ಲೇ ನಿಂತಿದ್ದ. ಟೀವಿಯಲ್ಲಿ ಒಬ್ಬ ಸಮುರಾಯಿ ಮಳೆಯಲ್ಲಿ ನೆನೆಯುತ್ತ ನಡೆದು ಹೋಗುತ್ತಿದ್ದ. "ಕೂತ್ಕೋ," ಎಂದಿದ್ದರು ಭಾವ. ಸಿನಿಮಾ ಮುಗಿಯುವವರೆಗೂ ಇಬ್ಬರೂ ತುಟಿ ಬಿಚ್ಚಲಿಲ್ಲ. ಎಷ್ಟೋ ದಿನಗಳ ನಂತರ ಇಬ್ಬರಿಗೂ ಹಾಯೆನಿಸಿತ್ತು.

ಅಲ್ಲಿಂದ ಶುರುವಾದದ್ದು. ಅಂಗಡಿಗೆ ರಜೆಯಿದ್ದ ಪ್ರತಿ ಮಧ್ಯಾಹ್ನ ಒಂದು ಜಪಾನೀ ಸಿನಿಮಾ. ಭಾವ ವೃತ್ತಿಯಲ್ಲಿ ಟೈಲರು, ಅವರು ನೋಡುತ್ತಿದ್ದುದು ಕತ್ತಿಯನ್ನಲ್ಲ, ಬಟ್ಟೆಯನ್ನು. ಆ ಅಗಲ ತೋಳಿನ ಅಂಗಿ, ಮುಂದೆ ಮಡಿಕೆ ಮಡಿಕೆಯಾಗಿ ಇಳಿಯುವ ಲಂಗದಂಥ ಷರಾಯಿ, ಸೊಂಟಕ್ಕೆ ಬಿಗಿದ ಪಟ್ಟಿ. "ಈ ಮನುಷ್ಯ ಬಡವ ಕಣೋ," ಎನ್ನುತ್ತಿದ್ದರು. "ತೋಳಿನ ಅಂಚು ಹರಿದು ಎರಡು ಸಲ ಮಡಚಿ ಹೊಲಿದಿದಾರೆ. ಆದ್ರೆ ನೋಡು, ಹೊಲಿಗೆ ನೇರವಾಗಿದೆ. ಗಂಡಸಿನ ಕೈ ಅಲ್ಲ ಅದು. ಯಾರೋ ಇದಾಳೆ." ಇನ್ನರ್ಧ ಗಂಟೆ ಕಳೆದ ಮೇಲೆ ಸಿನಿಮಾದಲ್ಲಿ ನಿಜವಾಗಿಯೂ ಒಬ್ಬಳು ಬರುತ್ತಿದ್ದಳು. ಮೈದುನ ಬೆಪ್ಪಾಗಿ ಭಾವನ ಮುಖ ನೋಡುತ್ತಿದ್ದ.

ಬಟ್ಟೆ ನೋಡಬೇಕೆಂದರೆ ಕಾಪಿ ಚೆನ್ನಾಗಿರಬೇಕು. ಅದಕ್ಕೇ ಈ ಹುಡುಕಾಟ. ಮುಖಗಳನ್ನು ಸೌತೆಕಾಯಿಯಂತೆ ಎಳೆದುಬಿಟ್ಟಿದ್ದ ಕಾಪಿಗಳನ್ನು ನೋಡಿದರು. ಸಬ್‌ಟೈಟಲಿನ ಬಿಳಿ ಅಕ್ಷರ ಬಿಳಿ ಮಂಜಿನಲ್ಲಿ ಕರಗಿ ಯಾರು ಏನೆಂದರೋ ತಿಳಿಯದ ಕಾಪಿಗಳನ್ನು ನೋಡಿದರು. ಒಂದರಲ್ಲಂತೂ ಬೇರೆ ಯಾವುದೋ ಸಿನಿಮಾದ ಅಕ್ಷರಗಳು ಬಂದು ಕೂತಿದ್ದವು. ಸಮುರಾಯಿ ಶತ್ರುವಿನ ಕುತ್ತಿಗೆಗೆ ಕತ್ತಿ ಹಿಡಿದು ಕಣ್ಣು ಕೆಕ್ಕರಿಸಿದರೆ, ಕೆಳಗೆ "ಡಾರ್ಲಿಂಗ್, ನಿನ್ನ ಕಾಫಿ ತಣ್ಣಗಾಯಿತು" ಎಂದು ಬಂತು. ಅಕ್ಕ ಸತ್ತಮೇಲೆ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅದೊಂದೇ ಸಲ. ನಕ್ಕು ನಕ್ಕು ಕಣ್ಣೊರೆಸಿಕೊಂಡು ಆಮೇಲೆ ಅಳಲು ಶುರುಮಾಡಿದ್ದರು, ಮೈದುನ ನೋಡದವನಂತೆ ಟೀವಿಯ ಕಡೆ ತಿರುಗಿದ್ದ.

ಎಲ್ಲಕ್ಕಿಂತ ಕೆಟ್ಟ ಕಾಪಿ ಇದ್ದುದು ಗದ್ದೆ ಸಿನಿಮಾದ್ದೇ. ಅದರ ನಿಜವಾದ ಹೆಸರು ಇಬ್ಬರ ಬಾಯಲ್ಲೂ ನಿಲ್ಲುತ್ತಿರಲಿಲ್ಲ. ಒಬ್ಬ ಗುರುವಿನ ಬಳಿ ಕಲಿತ ಇಬ್ಬರು, ಮುದುಕರಾದ ಮೇಲೆ, ಯಾರದೋ ಜಗಳಕ್ಕಾಗಿ ಎದುರುಬದುರಾಗುವ ಕಥೆ. ಭಾವನಿಗೆ ಅದು ಪ್ರಾಣ.

ಆದರೆ ಈಚೆಗೆ ಭಾವ ಮೊದಲಿನಂತಿರಲಿಲ್ಲ. ಮಂಡಿನೋವು ಎಂದು ಹೊಲಿಗೆ ಬಿಟ್ಟಿದ್ದರು. ಮೆಷಿನ್ನಿನ ಮೇಲೆ ಬೆಡ್‌ಶೀಟು ಹೊದಿಸಿತ್ತು. ಹೊರಗೆ ಹೊರಡುವುದು ನಿಂತಿತ್ತು. ಮೈದುನ ಹೊಸ ಸಿನಿಮಾ ಒಯ್ದರೆ ಬೇಡವೆನ್ನುತ್ತಿದ್ದರು. "ಯಾಕೆ ಅಲೀತೀಯ? ಹಳೇದೇ ಹಾಕು, ಸಾಕು," ಎನ್ನುತ್ತಿದ್ದರು. ಒಳ್ಳೆಯ ಕಾಪಿಯೆಂದರೆ ಬಾಯಿಬಿಡುತ್ತಿದ್ದ ಮನುಷ್ಯ ಈಗ ಆ ಮಬ್ಬು ಟೇಪೇ ವಾಸಿ ಎನ್ನುವುದನ್ನು ಕೇಳಿ ಮೈದುನನಿಗೆ ಒಳಗೊಳಗೇ ಚುಚ್ಚುತ್ತಿತ್ತು.

"ಅವರಿಗೆ ಸಾಕಾಗಿರ್ಬೇಕು ರೀ," ಎಂದಿದ್ದಳು ಹೆಂಡತಿ. "ನೀವೇ ಅಂಟ್ಕೊಂಡಿದೀರಿ. ಬಾಯಿಬಿಟ್ಟು ಹೇಳೋಕಾಗದೆ ಹಂಗಂತಿದಾರೆ. ದೊಡ್ಡವರು ಅವರು, ನೀವೇ ಅರ್ಥ ಮಾಡ್ಕೋಬೇಕು."

ಇರಬಹುದು ಎನಿಸಿತ್ತು ಅವನಿಗೂ. ಅಕ್ಕನಿಲ್ಲದ ಮನೆಗೆ ಅಕ್ಕನ ತಮ್ಮ ಎಷ್ಟು ಕಾಲ ಹೋಗಬಹುದು? ಈ ಒಳ್ಳೆಯ ಕಾಪಿಗೂ ಭಾವನ ಮುಖ ಅರಳದಿದ್ದರೆ ಇನ್ನು ಹೋಗುವುದು ಬೇಡ ಎಂದು ನಿರ್ಧರಿಸಿಯೇ ಅವನು ಆ ದಿನ ಡಿಸ್ಕನ್ನು ಜೇಬಿಗೆ ಹಾಕಿಕೊಂಡು ಹೊರಟದ್ದು. ನಿರ್ಧಾರವೇನೋ ಆಯಿತು, ಕಾಲು ಮಾತ್ರ ದಾರಿಯುದ್ದಕ್ಕೂ ಭಾರವಾಗಿತ್ತು.

ಕಿಟಕಿಯ ಪರದೆ ಎಳೆದು ಭಾವ ಕುರ್ಚಿಯಲ್ಲಿ ಕಾಯುತ್ತಿದ್ದರು. ಬಾಗಿಲು ಸದ್ದಾದದ್ದೇ, "ಬಂದ್ಯಾ? ಟೀ ಇದೆ, ಕೂತ್ಕೋ," ಎಂದು ಎದ್ದರು. ಒಳಗಿಂದ ಲೋಟ ತಂದು ಅದರ ಬಾಯಿಗೆ ತೋರುಬೆರಳು ಇಳಿಬಿಟ್ಟುಕೊಂಡು ಫ್ಲಾಸ್ಕಿನಿಂದ ಬಗ್ಗಿಸಿದರು. ಇದೂ ಈಚಿನ ಅಭ್ಯಾಸ. ಅಕ್ಕ ಇದ್ದಿದ್ದರೆ ಕೈಮೇಲೆ ಹೊಡೆಯುತ್ತಿದ್ದಳು. ಮುದುಕರಾಗುತ್ತ ಶುಚಿಯನ್ನೂ ಬಿಟ್ಟರಲ್ಲ ಎಂದುಕೊಂಡು ಮೈದುನ ಮುಖ ಹಿಂಡಿಯೇ ಟೀ ಕುಡಿದ.

"ಗದ್ದೆ ಸಿನಿಮಾ ತಂದಿದೀನಿ ಭಾವ. ಒಳ್ಳೆ ಕಾಪಿ."

ಭಾವ ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡಿದರು. "ಟೇಪು ಇತ್ತಲ್ಲೋ."

"ಅದರ ಮುಖಕ್ಕಷ್ಟು ಬೆಂಕಿ ಹಾಕ. ಇದನ್ನ ನೋಡಿ, ಆಮೇಲೆ ಹೇಳಿ."

"ಹೂಂ. ಹಾಕು," ಎಂದರು ಭಾವ. ಆ ದನಿಯಲ್ಲಿ ಆಸೆ ಇರಲಿಲ್ಲ, ಒಪ್ಪಿಕೊಂಡ ದಣಿವಷ್ಟೇ ಇತ್ತು. ಮೈದುನ ಡಿಸ್ಕನ್ನು ಹಾಕಿದ.

ಸಿನಿಮಾ ಶುರುವಾಯಿತು. ಬೂದಿಯ ಬಣ್ಣದ ಟೇಪು ನೋಡಿ ಅಭ್ಯಾಸವಾದ ಕಣ್ಣಿಗೆ ಈ ಕಪ್ಪು ಎಷ್ಟು ಕಪ್ಪಾಗಿತ್ತೆಂದರೆ, ಮೈದುನ ಒಮ್ಮೆ ಉಸಿರು ಬಿಗಿಹಿಡಿದ. ಮುದುಕನ ಅಂಗಿಯ ನೇಯ್ಗೆಯ ಎಳೆ ಎಳೆಯೂ ಕಾಣುತ್ತಿತ್ತು. ಹೆಗಲ ಮೇಲೆ ಬೇರೆ ಬಟ್ಟೆಯ ತೇಪೆಯೊಂದಿತ್ತು, ಹಳೆಯ ಕಾಪಿಯಲ್ಲಿ ಅದು ಕಂಡೇ ಇರಲಿಲ್ಲ. ಈಗ ಭಾವ ಏನಾದರೂ ಹೇಳುತ್ತಾರೆ ಎಂದು ಅವನು ಕಿವಿ ತೆರೆದು ಕೂತ. ತೇಪೆಯ ಬಗ್ಗೆ ಟೈಲರು ಮಾತಾಡದಿದ್ದರೆ ಇನ್ಯಾರು ಮಾತಾಡಬೇಕು? ಭಾವ ಮಾತಾಡಲಿಲ್ಲ. ಮುದುಕ ಛತ್ರದ ಬಾಗಿಲು ಸರಿಸಿದ ಸದ್ದಿಗೆ, "ಈಗ ಒಳಗೆ ಬರ್ತಾನೆ ನೋಡು, ಚಪ್ಪಲಿ ಬಿಡೋ ರೀತಿ ನೋಡು," ಎಂದರು. ಅದು ಪ್ರತಿ ಸಲ ಹೇಳುವ ಮಾತು. ಛತ್ರದ ವಿಧವೆ ಕೆಮ್ಮಿದಾಗ, "ಪಾಪ, ಈ ಹೆಂಗಸು," ಎಂದರು. ಅದೂ ಪ್ರತಿ ಸಲದ್ದೇ. ಬಾಯಿಪಾಠ ಒಪ್ಪಿಸಿದಂತಿತ್ತು. ಬಿಡುಗಡೆಯಾದರೆ ಸಾಕೆಂದು ಕೂತಿದ್ದಾರೆ ಎಂದುಕೊಂಡ ಮೈದುನ. ಹೆಂಡತಿ ಹೇಳಿದ್ದೇ ನಿಜವೆನಿಸಿತು.

ಆದರೂ ಗದ್ದೆ ಇನ್ನೂ ಬಾಕಿಯಿತ್ತು. ಅಲ್ಲಾದರೂ ಬೆಚ್ಚಲೇಬೇಕು. ಯಾರೂ ಇಲ್ಲವೆಂದು ನಂಬಿದ ಜಾಗದಲ್ಲಿ ಇಬ್ಬರು ನಿಂತಿರುವುದನ್ನು ಕಂಡರೆ ಕಲ್ಲು ಕೂಡ ಅಲುಗಬೇಕು.

ಸಂಗೀತ ನಿಂತಿತು. ಗಾಳಿಯ ಸದ್ದೊಂದೇ ಉಳಿಯಿತು. ಪರದೆಯ ಈ ತುದಿಯಿಂದ ಆ ತುದಿಯವರೆಗೆ ಗದ್ದೆ ಹರಡಿಕೊಂಡಿತು, ಎರಡು ಕಡೆ ಎರಡು ಮುದಿ ಜೀವಗಳು. ಮೈದುನ ಟೀವಿ ಬಿಟ್ಟು ಭಾವನ ಮುಖವನ್ನೇ ನೋಡಿದ.

"ಬಂತು," ಎಂದರು ಭಾವ ಮೆಲ್ಲಗೆ. ಅವರ ಮುಖ ನಿಜವಾಗಿಯೂ ಅರಳಿತು. "ನೋಡು, ಒಂದು ನರಪಿಳ್ಳೆ ಇಲ್ಲ. ಬರೀ ಗದ್ದೆ. ಮನುಷ್ಯರನ್ನ ತೋರಿಸದೇನೇ ಎದೆ ನಡುಗಿಸ್ತಾನಲ್ಲೋ ಈ ಪುಣ್ಯಾತ್ಮ."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಮೈದುನ ನಗಲು ಹೋದ. ಭಾವ ನಗಲಿಲ್ಲ. ಅವರ ಕಣ್ಣು ಟೀವಿಯ ಕಡೆಗೇ ಇತ್ತು, ಆದರೆ ಪರದೆಯ ಮೇಲಿರಲಿಲ್ಲ. ಅದರ ಪಕ್ಕದ ಗೋಡೆಯ ಮೇಲೆಲ್ಲೋ ನಿಂತಿತ್ತು. ಲೋಟದೊಳಗಿನ ಬೆರಳು, ಮೆಷಿನ್ನಿಗೆ ಹೊದಿಸಿದ ಬೆಡ್‌ಶೀಟು, ಹಳೇದೇ ಹಾಕು ಎಂಬ ಮಾತು, ಎಲ್ಲವೂ ಒಮ್ಮೆಲೇ ಅವನ ಮೇಲೆ ಬಂದು ಬಿದ್ದವು. ರಿಮೋಟು ಎಲ್ಲಿದೆಯೆಂದು ತಡಕಾಡಿ ಚಿತ್ರವನ್ನು ನಿಲ್ಲಿಸಿದ.

ಗಾಳಿಯ ಸದ್ದು ನಿಂತದ್ದೇ ಭಾವ ತಲೆ ತಿರುಗಿಸಿದರು. "ಯಾಕೆ? ಕೆಟ್ಟೋಯ್ತಾ?"

"ಭಾವ," ಎಂದ ಮೈದುನ. "ಭಾವ, ಗದ್ದೇಲಿ ಜನ ಇದಾರೆ."

"ಏನು?"

"ಇಬ್ಬರೂ ಇದಾರೆ. ಆ ತುದೀಲಿ ಒಬ್ಬ, ಈ ತುದೀಲಿ ಒಬ್ಬ. ಮೊದಲಿಂದಾನೂ ಇದ್ರು. ನಮ್ಮ ಟೇಪಲ್ಲಿ ಎರಡೂ ಕಡೆ ಕತ್ತರಿಸಿಬಿಟ್ಟಿದ್ರು."

ಭಾವ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ಸಿಕ್ಕಿಬಿದ್ದ ಮನುಷ್ಯನಂತೆ ಕೂತಿದ್ದರು. ಆಮೇಲೆ ಮೂಗಿನಿಂದ ಸಣ್ಣಗೆ ನಗೆ ಬಂತು. "ಹಾಗಾದ್ರೆ ಇಷ್ಟು ವರ್ಷ ನಾನು ಹೊಗಳಿದ್ದು ಕತ್ತರೀನ," ಎಂದರು. "ಟೈಲರ್ ಬುದ್ಧಿ."

"ಎಷ್ಟು ಕಾಣುತ್ತೆ ಭಾವ?"

"ಕಿಟಕಿ ಯಾವ ಕಡೆ ಇದೆ ಅಂತ ಗೊತ್ತಾಗುತ್ತೆ. ಟೀವಿ ಹಚ್ಚಿದೀಯೋ ಇಲ್ವೋ ಅಂತ ಗೊತ್ತಾಗುತ್ತೆ."

"ಡಾಕ್ಟರು?"

"ತೋರ್ಸಿದೆ. ನರ ಸತ್ತೋಗಿದೆಯಂತೆ. ಆಪರೇಷನ್ ಮಾಡಿ ಪ್ರಯೋಜನ ಇಲ್ಲ ಅಂದ್ರು. ಇನ್ನು ಆ ಕಿಟಕೀನೂ ಹೋಗುತ್ತಂತೆ."

ಮೈದುನನಿಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಒಬ್ಬರೇ ಹೋಗಿ ಡಾಕ್ಟರ ಮುಂದೆ ಕೂತು ಇದನ್ನು ಕೇಳಿಸಿಕೊಂಡು, ಒಬ್ಬರೇ ಗೋಡೆ ಹಿಡಿದುಕೊಂಡು ವಾಪಸು ಬಂದಿದ್ದಾರೆ. "ಒಂದು ಮಾತು ಹೇಳೋಕೇನಾಗಿತ್ತು? ನಾನೇನು ಹೊರಗಿನವನಾ? ಬೇರೆ ಕಾಪಿ, ಒಳ್ಳೆ ಕಾಪಿ ಅಂತ ಕಂಡಕಂಡಲ್ಲಿ ಸುತ್ತಿದೀನಿ, ನೀವು ನೋಡಿದ್ರೆ ಇಲ್ಲಿ..." ಎಂದು ದನಿಯೇರಿಸಿದವನು ಅರ್ಧಕ್ಕೇ ನಿಲ್ಲಿಸಿದ.

"ಹೇಳಿದ್ರೆ ನೀನು ಸಿನಿಮಾ ತರೋದು ಬಿಡ್ತಿದ್ದೆ," ಎಂದರು ಭಾವ. "ಕುರುಡನಿಗೆ ಯಾರು ಸಿನಿಮಾ ತರ್ತಾರೆ? ಸಿನಿಮಾ ಇಲ್ದಿದ್ರೆ ನೀನು ಇಲ್ಲಿಗೆ ಯಾತಕ್ಕೆ ಬರ್ತೀಯ? ನಿನ್ನ ಅಕ್ಕ ಇದಾಳಾ? ಮಾತಾಡೋಕೆ ನನಗೆ ಬರುತ್ತಾ? ಹಳೇ ಸಿನಿಮಾ ಆದ್ರೆ ಸದ್ದು ಕೇಳೇ ಎಲ್ಲೆಲ್ಲಿ ಏನಾಗುತ್ತೆ ಅಂತ ಗೊತ್ತು, ಹೇಗೋ ದೂಡಬಹುದು ಅಂದ್ಕೊಂಡೆ. ನೀನು ಬಂದು ಕೂರ್ತೀಯಲ್ಲ, ಅಷ್ಟು ಸಾಕಾಗಿತ್ತು ನನಗೆ."

ಬಿಡುತ್ತಿರಲಿಲ್ಲ ಭಾವ, ಬರುತ್ತಿದ್ದೆ, ಎಂದು ಹೇಳಲು ಮೈದುನ ಬಾಯಿ ತೆರೆದ. ಇನ್ನು ಬರುವುದು ಬೇಡವೆಂದು ಮನಸ್ಸು ಮಾಡಿಕೊಂಡೇ ಮನೆಯಿಂದ ಹೊರಟವನು ಯಾವ ಬಾಯಲ್ಲಿ ಹಾಗೆ ಹೇಳಬೇಕು? ಅವನು ತಲೆತಗ್ಗಿಸಿ ಕೂತ. ತಲೆತಗ್ಗಿಸಿದ್ದು ಭಾವನಿಗೆ ಕಾಣುವುದಿಲ್ಲ ಎಂಬುದು ಹೊಳೆದು ಅವನಿಗೆ ಅಳು ಬಂತು. ಸದ್ದಾಗದಂತೆ ತಡೆದುಕೊಂಡ.

"ಹಾಕು ಮುಂದೆ," ಎಂದರು ಭಾವ ಕೊನೆಗೆ. "ಇಷ್ಟು ಕಷ್ಟಪಟ್ಟು ತಂದಿದೀಯ. ಏನಾಗುತ್ತೆ ಹೇಳು, ಕೇಳ್ತೀನಿ."

ಗಾಳಿ ಮತ್ತೆ ಬೀಸತೊಡಗಿತು. ಮೈದುನ ಹೇಳತೊಡಗಿದ. ಅವನಿಗೆ ಹೇಳಲು ಬರುತ್ತಿರಲಿಲ್ಲ. "ನಿಂತಿದಾರೆ. ಇನ್ನೂ ನಿಂತಿದಾರೆ. ಈಗ ನಮ್ಮವನು, ಎಡಗಡೆಯವನು, ಒಂದು ಹೆಜ್ಜೆ ಇಟ್ಟ."

"ಯಾವ ಕಾಲು?"

"ಬಲಗಾಲು... ಅಲ್ಲ, ಎಡಗಾಲು."

"ಷರಾಯಿ ಮಡಿಕೆ ಬಿಚ್ಚಿತಾ, ಹಾಗೇ ಇದೆಯಾ?"

"ಅದೆಲ್ಲ ಗೊತ್ತಾಗಲ್ಲ ಭಾವ."

"ಗೊತ್ತಾಗಲ್ಲ ಅಂದ್ರೆ? ಕಣ್ಣಿರೋದು ನಿನಗೆ. ಸರಿಯಾಗಿ ನೋಡು."

ಮೈದುನ ಕುರ್ಚಿ ಮುಂದಕ್ಕೆಳೆದುಕೊಂಡು ಸರಿಯಾಗಿ ನೋಡಿದ. "ಮುಂದಿನ ಎರಡು ಮಡಿಕೆ ಬಿಚ್ಚಿದೆ. ಹಿಂದಿಂದು ಹಾಗೇ ಇದೆ. ಹೆಗಲ ಮೇಲೆ ಒಂದು ತೇಪೆ ಇದೆ ಭಾವ, ಬೇರೆ ಬಟ್ಟೇದು. ಗೀರು ಗೀರಿದೆ."

"ಗೀರಾ?" ಭಾವ ಕತ್ತು ನೀಳ ಮಾಡಿದರು. "ಛತ್ರದ ಹೆಂಗಸು ಉಟ್ಟಿದ್ದು ಗೀರಿನ ಬಟ್ಟೇನಾ?"

ಮೈದುನ ಹಿಂದಕ್ಕೆ ಹೋಗಿ ನೋಡಿ ಬಂದ. ಹೌದು, ಅದೇ ಗೀರು. ಭಾವ ಕುರ್ಚಿಗೆ ಒರಗಿ ಉಸಿರುಬಿಟ್ಟರು. ಆಮೇಲೆ ಹೊಡೆದಾಟ ಒಂದೇ ಏಟಿನಲ್ಲಿ ಮುಗಿದುಹೋಯಿತು, ಮೈದುನ ಹೇಳುವುದರೊಳಗೆ. ಬಿದ್ದವನು ಬಲತುದಿಯವನು. ಉಳಿದವನು ಗೆಳೆಯನ ಪಕ್ಕ ಕೂತ, ಅವನ ಅಂಗಿಯ ಕೊರಳನ್ನು ಸರಿಪಡಿಸಿದ, ಎದ್ದು ಗದ್ದೆಯ ಬದುವಿನ ಮೇಲೆ ಹೊರಟ. ಅದನ್ನೆಲ್ಲ ಮೈದುನ ತಡವರಿಸುತ್ತ, ತಪ್ಪಿ ತಿದ್ದಿಕೊಳ್ಳುತ್ತ ಹೇಳಿದ. ಕೊಳಲಿನಂಥ ಒಂದು ಸಣ್ಣ ಸ್ವರ ಎದ್ದು ಕರಗಿತು, ಅಕ್ಷರಗಳು ಬಂದು ಹೋದವು, ಪರದೆ ಕಪ್ಪಾಯಿತು.

ಆ ಸ್ವರ ನಿಂತಿತೆಂದರೆ ಸಿನಿಮಾ ಮುಗಿಯಿತು ಎಂಬುದು ಭಾವನಿಗೆ ಗೊತ್ತಿಲ್ಲದ್ದಲ್ಲ. ಸ್ವರ ನಿಂತಾಗ ಮೈದುನ ಎದ್ದು, ಬರ್ತೀನಿ ಭಾವ ಎಂದು ಚಪ್ಪಲಿ ಮೆಟ್ಟುವುದು ರೂಢಿ. ಕಿಟಕಿಗೆ ಎಳೆದ ಪರದೆಯ ಹಿಂದೆ ಬೆಳಕು ಸಣ್ಣದಾಗಿತ್ತು. ಭಾವ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಎದುರಿಗೇ ಮುಖಮಾಡಿ ಕೂತಿದ್ದರು.

"ಈಗ?" ಎಂದರು.

ಮೈದುನ ಟೀವಿಯ ಕಪ್ಪು ಪರದೆಯನ್ನು ನೋಡಿದ.

"ನಡೀತಾ ಇದಾನೆ ಭಾವ."

"ಎಲ್ಲಿ?"

"ಬದು ಮೇಲೆ. ಗದ್ದೆ ದಾಟಿದ. ಆ ಕಡೆ ಒಂದು ದಾರಿ ಇದೆ, ಎರಡೂ ಕಡೆ ಮರ."

ಭಾವನ ಹಿಡಿತ ಸಡಿಲಿತು. "ಕತ್ತಲಾಗ್ತಿದೆಯಾ ಅಲ್ಲಿ?"

"ಆಗ್ತಿದೆ."

"ಇನ್ನೂ ಕಾಣ್ತಾನಾ?"

"ಕಾಣ್ತಾನೆ," ಎಂದ ಮೈದುನ. "ಸಣ್ಣಗೆ ಕಾಣ್ತಾ ಇದಾನೆ."